ರೇಷನ್ ಹವಾಲ್ದಾರನ ಲೆಕ್ಕ

ದೂಧಗಂಗಾ, ವೇದಗಂಗಾ ಕೂಡುವ ಭೋಜದ ಆಸುಪಾಸಿನ ಹಳ್ಳಿಗಳಲ್ಲಿ ಮಿಲಿಟರಿ ಎಂಬುದು ಎಂದೂ ದೂರದ ಮಾತಾಗಿರಲಿಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ನಿಪ್ಪಾಣಿ, ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಹುಡುಗರು ಭರ್ತಿಯ ದಿನ ಹತ್ತಿರ ಬಂತೆಂದರೆ ನಸುಕಿನಲ್ಲೆದ್ದು ಡಾಂಬರು ರಸ್ತೆಯ ಮೇಲೆ ಓಡತೊಡಗುತ್ತಾರೆ. ರಿಟೈರಾಗಿ ಊರಿಗೆ ಬಂದವನಿಗೆ ಕಟ್ಟೆಯ ಮೇಲೆ ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ: ಯಾವ ಬಟಾಲಿಯನ್, ಯಾವ ಬಾರ್ಡರ್, ಯಾವ ಲಡಾಯಿ? ಉತ್ತರ ‘ಸಪ್ಲೈ’ ಎಂದಾದರೆ ಮುಂದಿನ ಪ್ರಶ್ನೆಯ ದನಿ ಇಳಿದಿರುತ್ತದೆ: “ಅಂದ್ರ ಅಡಿಗಿ ಮಾಡಾಕ ಮಿಲ್ಟ್ರಿಗೆ ಹೋಗಿದ್ದೇನು?” ಕೇಳುವವರಲ್ಲಿ ಕುಹಕವಿಲ್ಲ, ನಿಜವಾಗಿಯೂ ಗೊತ್ತಿಲ್ಲದಿರುವುದಷ್ಟೇ ಇದೆ. ಆ ಶಾಖೆಯಲ್ಲಿ ದುಡಿದು ಹೊರಬಂದ ನನ್ನಂಥವರೂ ನಕ್ಕು ಸುಮ್ಮನಾಗಿ ಆ ಅಜ್ಞಾನವನ್ನು ಬೆಳೆಸಿದ್ದೇವೆ. ಈಗ ಹಿಂತಿರುಗಿ ನೋಡಿದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಿತ್ತು ಅನಿಸುತ್ತದೆ. ದಾಸ್ತಾನು ಮತ್ತು ಲಂಗರು (ಸೇನೆಯ ಅಡುಗೆಮನೆ) ನೋಡಿಕೊಳ್ಳುವ ನಾಯಕ್, ಹವಾಲ್ದಾರರು ಸೇನೆಯ ಮನೆವಾರ್ತೆಯವರಲ್ಲ. ಸೇನೆ ಕಾದಾಡಬಲ್ಲದೋ ಇಲ್ಲವೋ ಎಂಬುದು ನಿರ್ಧಾರವಾಗುವ ಜಾಗಗಳಲ್ಲಿ ಅವರು ನಿಲ್ಲುವ ಜಾಗವೂ ಒಂದು.

ಸೇನೆಯಲ್ಲಿ ಅನ್ನ ಸಾಗುವುದು ಎರಡು ಹಂತಗಳಲ್ಲಿ. ಮೊದಲನೆಯದು ಆರ್ಮಿ ಸರ್ವಿಸ್ ಕೋರ್‌ನದು. ಅದರ ಕೇಂದ್ರ ಮತ್ತು ಕಾಲೇಜು ಇರುವುದು ನಮ್ಮ ಬೆಂಗಳೂರಿನಲ್ಲೇ. ಸೇವೆಯೇ ನಮ್ಮ ಧರ್ಮ ಎಂಬುದು ಅದರ ಧ್ಯೇಯವಾಕ್ಯ. ಖರೀದಿ, ಡಿಪೋ, ಲಾರಿ, ಹೇಸರಗತ್ತೆ, ವಿಮಾನದಿಂದ ಕೆಳಗಿಳಿಸುವ ಮೂಟೆ, ಎಲ್ಲವೂ ಅದರ ಪಾಲು. ಎರಡನೆಯ ಹಂತ ಆಯಾ ಪಲ್ಟನ್ನಿನ ಒಳಗಿನದು. ಅಲ್ಲಿ ಕ್ವಾರ್ಟರ್‌ಮಾಸ್ಟರ್ ಕೈಕೆಳಗೆ ಪ್ರತಿ ಕಂಪನಿಗೂ ಒಬ್ಬ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ, ಲಂಗರಿಗೆ ಒಬ್ಬ ಎನ್‌ಸಿಒ (ನಾಯಕ್, ಹವಾಲ್ದಾರ ದರ್ಜೆಯವನು), ಅವರ ಜೊತೆ ಅಡುಗೆಯವರು. ಡಿಪೋದ ನಾಯಕ್ ಚೀಲಕ್ಕೆ ಕೊಳವೆ ಚುಚ್ಚಿ ತಳದ ಕಾಳನ್ನೂ ಹೊರಗೆ ತೆಗೆದು ನೋಡುತ್ತಾನೆ, ಏಕೆಂದರೆ ಮೇಲಿನ ಕಾಳು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾನೆ. ಅದು ಉದುರದೆ ಗಟ್ಟಿಯಾಗಿ ನಿಂತರೆ ಥಂಡಿ ಹಿಡಿದಿದೆ. ಡಬ್ಬಿಯ ಎರಡೂ ತುದಿ ಒತ್ತುತ್ತಾನೆ. ಉಬ್ಬಿದ್ದರೆ ಒಳಗಿನದು ಕೆಟ್ಟಿದೆ. ಮೊದಲು ಬಂದದ್ದು ಮೊದಲು ಹೊರಗೆ ಹೋಗುವಂತೆ ಚೀಲಗಳನ್ನು ಪೇರಿಸಿಡಿಸುತ್ತಾನೆ. ಕಂಪನಿಯ ಹವಾಲ್ದಾರನ ಲೆಕ್ಕ ಬೇರೆ. ಇಂದು ರಜೆಗೆ ಹೋದವರು ಎಷ್ಟು, ಆಸ್ಪತ್ರೆಯಲ್ಲಿ ಎಷ್ಟು, ಪಹರೆಯ ಮೇಲೆ ಎಷ್ಟು, ರಾತ್ರಿ ತಡವಾಗಿ ಗಸ್ತಿಯಿಂದ ಮರಳುವವರು ಎಷ್ಟು, ಅವರ ಪಾಲು ಬಿಸಿಯಾಗಿ ಉಳಿಯುವುದು ಹೇಗೆ? ಈ ಎರಡನೆಯ ಲೆಕ್ಕ ಯಾವ ಮ್ಯಾನ್ಯುಯಲ್‌ನಲ್ಲೂ ಪೂರ್ತಿ ಬರೆದಿಲ್ಲ. ನನ್ನ ವಾದವೆಲ್ಲ ಈ ಎರಡನೆಯ ಲೆಕ್ಕದ ಮೇಲೆ ನಿಂತಿದೆ. ಮೊದಲ ಹಂತ ಪಡಿಯನ್ನು ತಂದು ಮುಟ್ಟಿಸುತ್ತದೆ. ಆ ಪಡಿಯನ್ನು ಜವಾನ ನಂಬಿ ಉಣ್ಣುವ ಊಟ ಮಾಡುವುದು ಎರಡನೆಯ ಹಂತ.

ಇದಕ್ಕೆ ದೊಡ್ಡ ಸಾಕ್ಷಿ ಮೊದಲ ಮಹಾಯುದ್ಧದ ಕಾಲದ ಮೆಸೊಪೊಟೇಮಿಯಾದ ಕುಟ್. ಟೈಗ್ರಿಸ್ ನದಿಯ ತಿರುವಿನ ಆ ಪೇಟೆಯಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಜನರಲ್ ಟೌನ್‌ಶೆಂಡ್‌ನ ಪಡೆಯನ್ನು ತುರ್ಕರು ಸುತ್ತುಗಟ್ಟಿದ್ದರು. ಒಳಗಿದ್ದ ಭಾರತೀಯ ಪಲ್ಟನ್ನುಗಳಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳೂ ಇದ್ದವು. ಬೆಳಗಾವಿಯ ಕೇಂದ್ರ ಇಂದು ಯಾವ ರೆಜಿಮೆಂಟಿನ ಮನೆಯೋ ಅದೇ ರೆಜಿಮೆಂಟಿನ ಪೂರ್ವಜರು ಅವು. ಧಾನ್ಯ ಕರಗುತ್ತ ಬಂದಂತೆ ಕುದುರೆ ಮತ್ತು ಹೇಸರಗತ್ತೆಗಳನ್ನು ಕೊಯ್ದು ಮಾಂಸ ಹಂಚಲು ಶುರುಮಾಡಿದರು. ಬ್ರಿಟಿಷ್ ಸಿಪಾಯಿಗಳು ತಿಂದರು. ಭಾರತೀಯರಲ್ಲಿ ಬಹುಪಾಲು ಜನ ಮುಟ್ಟಲಿಲ್ಲ. ಭಾರತದ ಧರ್ಮಗುರುಗಳಿಂದ ತಿನ್ನಬಹುದೆಂಬ ಅಪ್ಪಣೆ ತರಿಸಿ ವೈರ್‌ಲೆಸ್ ಮೂಲಕ ತಿಳಿಸಿದ್ದಾಯಿತು. ಆದರೂ ಹೆಚ್ಚಿನವರು ತಿನ್ನಲು ಒಪ್ಪಿದ್ದು ಏಪ್ರಿಲ್‌ನಲ್ಲಿ, ಕೈಕಾಲು ಸೋತ ಮೇಲೆ. ತಾಜಾ ತರಕಾರಿಯೂ ಇಲ್ಲ, ಮಾಂಸವೂ ಇಲ್ಲ ಎಂದಾಗಿ ಭಾರತೀಯರಲ್ಲಿ ಸ್ಕರ್ವಿ ಹಬ್ಬಿತು. ಬಿಳಿ ಬ್ರೆಡ್ ತಿನ್ನುತ್ತಿದ್ದ ಬ್ರಿಟಿಷರಲ್ಲಿ ಬೆರಿಬೆರಿ ಕಾಣಿಸಿತು. ಹೊಟ್ಟು ತೆಗೆಯದ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದ ನಮ್ಮವರು ಆ ರೋಗದಿಂದ ಪಾರಾದರು. ವಿಮಾನದಿಂದ ಹಿಟ್ಟಿನ ಮೂಟೆ ಎಸೆಯುವ ಯತ್ನವೂ ನಡೆಯಿತು, ಯುದ್ಧದ ಇತಿಹಾಸದಲ್ಲಿ ಅಂಥ ಮೊದಮೊದಲ ಯತ್ನಗಳಲ್ಲೊಂದು. ಕೆಲವು ಮೂಟೆ ನದಿಗೆ ಬಿದ್ದವು. 270 ಟನ್ ಸಾಮಾನು ಹೇರಿಕೊಂಡು ಹೊರಟ ‘ಜುಲ್ನಾರ್’ ಎಂಬ ಹಡಗು ಕುಟ್ ಮುಟ್ಟುವ ಮೊದಲೇ ತುರ್ಕರ ಕೈಸೇರಿತು. ಕೊನೆಗೆ ಸುಮಾರು 13 ಸಾವಿರ ಮಂದಿ ಶರಣಾದರು.

ಕುಟ್‌ನ ಕತೆಯನ್ನು ಸಾಮಾನ್ಯವಾಗಿ ಸರಬರಾಜು ತುಂಡಾದ ಕತೆಯೆಂದು ಹೇಳುತ್ತಾರೆ. ಅರ್ಧ ಮಾತ್ರ ಸರಿ. ಕಟುಕನ ಕತ್ತಿಗೆ ಸಿಗುವ ಮಾಂಸ ಕೋಟೆಯೊಳಗೇ ಇತ್ತು. ತಿಂಗಳುಗಟ್ಟಲೆ ಅದು ಊಟವಾಗಲಿಲ್ಲ. ದೂರದ ಪಂಡಿತ, ಮೌಲ್ವಿಗಳ ಅಪ್ಪಣೆ ಏಕೆ ಸಾಲಲಿಲ್ಲ? ಸಿಪಾಯಿಯ ಭಯ ಶಾಸ್ತ್ರದ್ದಷ್ಟೇ ಆಗಿರಲಿಲ್ಲ, ಊರಿನದೂ ಆಗಿತ್ತು. ಮರಳಿದ ಮೇಲೆ ಪಂಕ್ತಿಯಲ್ಲಿ ಕೂಡಿಸಿಕೊಳ್ಳುತ್ತಾರೋ, ಹೆಣ್ಣು ಕೊಡುತ್ತಾರೋ, ತನ್ನ ಜೊತೆಯವನೇ ಊರಲ್ಲಿ ಬಾಯಿಬಿಡುತ್ತಾನೋ ಎಂಬ ಭಯ ಅದು. ಅಂಥ ಭಯವನ್ನು ವೈರ್‌ಲೆಸ್ ಸಂದೇಶ ನೀಗಿಸದು. ಅದೇ ಸೀಮೆಯಿಂದ ಬಂದು, ಅದೇ ಪಂಕ್ತಿಯಲ್ಲಿ ಉಂಡು ಬೆಳೆದ ಹಿರಿಯ ಹವಾಲ್ದಾರ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂತರೆ ಮಾತ್ರ ಅದು ಸಡಿಲಾಗುತ್ತದೆ. ಆಡಳಿತ ಎಚ್ಚೆತ್ತದ್ದು ತಡವಾಗಿ, ಅದೂ ಮೇಲಿನಿಂದ. ಕೆಳಗಿನ ಈ ಕೊಂಡಿಯನ್ನು ಮೊದಲ ವಾರದಿಂದಲೇ ಬಳಸಿದ್ದರೆ ಮುತ್ತಿಗೆ ಒಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಸಾಲು ಮಾತ್ರ ಖಂಡಿತ ಚಿಕ್ಕದಾಗುತ್ತಿತ್ತು.

ಇಲ್ಲಿ ಇತಿಹಾಸ ಬಲ್ಲವರು ಒಂದು ಆಕ್ಷೇಪ ಎತ್ತಬಹುದು. ಸೈನ್ಯದ ಹೊಟ್ಟೆಯ ಪ್ರಶ್ನೆ ಸೇನಾಪತಿಗಳ ಪ್ರಶ್ನೆಯೇ ಹೊರತು ಹವಾಲ್ದಾರನದಲ್ಲ ಎಂಬುದು ಅದು. ಉದಾಹರಣೆಗಳೂ ನಮ್ಮ ಸುತ್ತಲೇ ಸಿಗುತ್ತವೆ. 1760ರ ಡಿಸೆಂಬರಿನಲ್ಲಿ ಧಾನ್ಯ ಒದಗಿಸುತ್ತಿದ್ದ ಗೋವಿಂದಪಂತ ಬುಂದೇಲೆ ಹತನಾಗಿ ದಾರಿ ಕಟ್ಟಾದ ಮೇಲೆ ಮರಾಠರ ಛಾವಣಿ ಹಸಿವಿನಿಂದ ಕಂಗೆಟ್ಟಿತು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಅವರು ಬೇರೆ ದಾರಿಯಿಲ್ಲದೆ ಕಣಕ್ಕಿಳಿದರು. ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಧೋಂಡಿಯಾ ವಾಘನನ್ನು ನಮ್ಮ ಉತ್ತರ ಕರ್ನಾಟಕದ ಉದ್ದಗಲಕ್ಕೆ ಬೆನ್ನಟ್ಟಿದಾಗಲೂ, 1803ರಲ್ಲಿ ಹರಿಹರದಿಂದ ಹೊರಟು ಕೃಷ್ಣೆ ದಾಟಿ ಪುಣೆಗೆ ಹೋದಾಗಲೂ ಅವನ ತಲೆ ತುಂಬ ಅಕ್ಕಿ, ಕಡಲೆ, ಎತ್ತು. ಧಾನ್ಯ ಹೊತ್ತು ತರಲು ಲಂಬಾಣಿಗಳು, ತೋಪು ಎಳೆಯಲು ಮೈಸೂರಿನ ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ವ್ಯವಸ್ಥೆಯ ಫಲವನ್ನು ಉಂಡವನು ಅವರ ಶತ್ರು. ಈ ಉದಾಹರಣೆಗಳನ್ನು ಒಪ್ಪುತ್ತೇನೆ. ಆದರೆ ಅವು ನನ್ನ ವಾದವನ್ನು ಬೀಳಿಸುವುದಿಲ್ಲ, ಅದಕ್ಕೆ ಬುನಾದಿ ಹಾಕುತ್ತವೆ. ಆ ಕಾಲದಲ್ಲಿ ಸೈನ್ಯ ಬಜಾರನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿತ್ತು; ಸಿಪಾಯಿ ತನ್ನ ಸಂಬಳದಲ್ಲಿ ಹಿಟ್ಟು ಕೊಂಡು ತನ್ನ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದ. ಏನು ಉಣ್ಣಬೇಕು, ಯಾರ ಕೈಯದು ಎಂಬ ಚಿಂತೆ ಅವನದೇ. ಊಟವನ್ನು ಸರ್ಕಾರವೇ ಬೇಯಿಸಿ ಬಡಿಸಲು ಹೊರಟ ದಿನ ಆ ಚಿಂತೆ ಒಲೆಯಿಂದ ಲಂಗರಿಗೆ ವರ್ಗವಾಯಿತು. ಅದನ್ನು ಹೊರುವವನು ಸೇನಾಪತಿಯಲ್ಲ, ಲಂಗರಿನ ಎನ್‌ಸಿಒ.

ಆ ಚಿಂತೆ ಎಷ್ಟು ಬಗೆಯದು ಎಂಬುದು ಭೋಜದಂಥ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜೈನ ಮುನಿ ಆಚಾರ್ಯ ಶಾಂತಿಸಾಗರ ಮಹಾರಾಜರ ಊರಿದು. ಹೊತ್ತು ಮುಳುಗಿದ ಮೇಲೆ ಉಣ್ಣದ, ಗಡ್ಡೆ ಗೆಣಸು ಮುಟ್ಟದ ಜೈನ ಮನೆಗಳ ಪಕ್ಕದಲ್ಲೇ ಮಾಂಸದ ತಾಂಬಡಾ ರಸ್ಸಾ ಕುದಿಯುವ ಮರಾಠಾ ಮನೆಗಳು, ಲಿಂಗಾಯತರ ಮನೆಗಳು, ಮುಸಲ್ಮಾನರ ಮನೆಗಳು. ಯಾವ ಮನೆಯ ಕಾರ್ಯಕ್ಕೆ ಯಾರಿಗೆ ಏನು ಬಡಿಸಬೇಕೆಂಬ ತಿಳಿವಳಿಕೆ ಇಲ್ಲಿ ಹುಡುಗರಿಗೆ ಆಡುತ್ತಾಡುತ್ತ ಬರುತ್ತದೆ. ಪಲ್ಟನ್ನಿನಲ್ಲಿ ಇದೇ ತಿಳಿವಳಿಕೆ ಕರ್ತವ್ಯವಾಗುತ್ತದೆ. ಮಾಂಸ ತಿನ್ನದವನ ಪಾಲಿಗೆ ಬದಲಿ ಪದಾರ್ಥ ಬರುವಂತೆ ನಿಯಮವೇನೋ ಇದೆ. ಆದರೆ ಮಾಂಸದ ಪಾತ್ರೆಯ ಸೌಟು ಬೇಳೆಯ ಪಾತ್ರೆಗೆ ಬೀಳದಂತೆ ನೋಡುವುದು, ಉಪವಾಸ ಹಿಡಿದವನಿಗೂ ರೋಜಾ ಹಿಡಿದವನಿಗೂ ಹೊತ್ತು ಹೊಂದಿಸುವುದು, ಇದನ್ನೆಲ್ಲ ಉಪಕಾರದಂತೆ ಮಾಡದೆ ಅವರ ಹಕ್ಕಿನಂತೆ ಮಾಡುವುದು, ಇವು ಕೆಲಸ ನಡೆಸುವವನ ಬುದ್ಧಿಗೆ ಬಿಟ್ಟ ಸಂಗತಿಗಳು. ಸೌಟೊಂದು ತಪ್ಪಿದರೆ ಒಂದು ಹೊತ್ತಿನ ಊಟ ಮಾತ್ರ ಕೆಡುವುದಿಲ್ಲ. ಒಟ್ಟಿಗೆ ಕಾದಾಡಬೇಕಾದವರ ನಡುವೆ ಸಂಶಯ ಮೂಡುತ್ತದೆ, ಅದು ತಿಂಗಳುಗಟ್ಟಲೆ ಇಳಿಯುವುದಿಲ್ಲ.

2023ರ ಒಂದು ಆದೇಶ ಈ ಮಾತನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಆ ವರ್ಷ ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವಾಗಿತ್ತು. ಅರ್ಧ ಶತಮಾನದ ಹಿಂದೆ ಗೋಧಿ ಹಿಟ್ಟಿಗಾಗಿ ಕೈಬಿಟ್ಟಿದ್ದ ಜೋಳ, ಸಜ್ಜೆ, ರಾಗಿಯ ಹಿಟ್ಟನ್ನು ಜವಾನರ ಪಡಿಗೆ ಮತ್ತೆ ತರುವುದಾಗಿ ಭೂಸೇನೆ ಪ್ರಕಟಿಸಿತು. ಧಾನ್ಯದ ಪಾಲಿನಲ್ಲಿ ಶೇ 25ಕ್ಕೆ ಮೀರದಂತೆ, ಅದೂ ಪಡೆಗಳು ಆಯ್ದುಕೊಂಡು ಬೇಡಿಕೆ ಸಲ್ಲಿಸಿದಷ್ಟು ಮಾತ್ರ. ಜೋಳದ ನಾಡಿನ ನಮಗೆ ಇದು ಹೆಮ್ಮೆಯ ಸುದ್ದಿಯಾಯಿತು. ಆದರೆ ಜೋಳದ ಹಿಟ್ಟಿನ ಗುಣ ಬಲ್ಲವರು ಅದರ ಮುಂದಿನ ಪ್ರಶ್ನೆ ಕೇಳುತ್ತಾರೆ. ಗೋಧಿ ಹಿಟ್ಟಿಗೆ ಜಿಗುಟಿದೆ. ಬೆಳಿಗ್ಗೆ ನಾದಿಟ್ಟು ಸಾಲಾಗಿ ಲಟ್ಟಿಸಬಹುದು. ಜೋಳಕ್ಕೆ ಅದಿಲ್ಲ. ಕುದಿಯುವ ನೀರು ಬೇಕು, ಹದ ತಪ್ಪುವ ಮೊದಲು ತಟ್ಟಬೇಕು, ಹಿಟ್ಟು ಹಳೆಯದಾದರೆ ಅಂಚು ಬಿರಿದು ಕೈಯಲ್ಲಿ ನಿಲ್ಲುವುದಿಲ್ಲ. ನೂರು ಜನಕ್ಕೆ ಹೊತ್ತಿಗೆ ಸರಿಯಾಗಿ ರೊಟ್ಟಿ ತಟ್ಟುವಷ್ಟು ಕೈಗಳು ಯಾವ ಲಂಗರಿನಲ್ಲೂ ಇಲ್ಲ. ಗೋಧಿಗೆ ಎಷ್ಟು ಬೆರೆಸಿದರೆ ಚಪಾತಿ ಹರಿಯುವುದಿಲ್ಲ, ಯಾರಿಗೆ ಇದು ತಾಯಿಯ ರುಚಿ, ಯಾರಿಗೆ ದನದ ಮೇವಿನ ನೆನಪು, ಎತ್ತರದ ಠಾಣ್ಯದಲ್ಲಿ ನೀರು ಕುದಿಯುವ ಹೊತ್ತಿಗೆ ಎಷ್ಟು ಸೀಮೆಎಣ್ಣೆ ಸುಡುತ್ತದೆ ಎಂದು ಲೆಕ್ಕ ಹಾಕಿ ಇಂಡೆಂಟ್ ಬರೆಯುವವನು ಹವಾಲ್ದಾರ. ಅವನು ಬರೆಯದಿದ್ದರೆ ಆದೇಶ ಕಾಗದದ ಮೇಲೇ ಉಳಿಯುತ್ತದೆ. ಜಗತ್ತಿನ ಯಾವ ಸೇನೆಯಲ್ಲೇ ಆಗಲಿ, ಆಹಾರದ ಧೋರಣೆ ಊಟದ ತಟ್ಟೆಯನ್ನು ಮುಟ್ಟುವುದು ಇಂಥ ಒಬ್ಬನ ಕೈದಾಟಿಯೇ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇವನು ಗುಂಡಿಗೆ ಎದೆಯೊಡ್ಡುವವನಲ್ಲ, ಹಾಗಿರುವಾಗ ಪದಾತಿಯ ಜೊತೆ ತೂಗುವುದು ನ್ಯಾಯವೇ? ಎದೆಯೊಡ್ಡುವವನ ಮಾನ ದೊಡ್ಡದು. 1944ರಲ್ಲಿ ಇಟಲಿಯಲ್ಲಿ ಒಬ್ಬನೇ ಶತ್ರುವಿನ ಮಷಿನ್‌ಗನ್ ನೆಲೆಯ ಮೇಲೆ ನುಗ್ಗಿ ಪ್ರಾಣ ಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದ ಮರಾಠಾ ನಾಯಕ್ ಯಶವಂತ ಘಾಡಗೆಯವರ ಸಾಹಸವನ್ನು ಯಾವ ದಾಸ್ತಾನಿನ ಲೆಕ್ಕವೂ ಸರಿಗಟ್ಟದು. ಆದರೆ ಸರಬರಾಜಿನವನು ಅಪಾಯದ ಹೊರಗಿದ್ದಾನೆ ಎಂಬುದು ಸುಳ್ಳು. ಎರಡನೆಯ ಮಹಾಯುದ್ಧದಲ್ಲಿ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಹೇಸರಗತ್ತೆ ಕಂಪನಿಗಳು ಫ್ರಾನ್ಸಿಗೆ ಹೋದವು. 1940ರಲ್ಲಿ ಅವುಗಳಲ್ಲಿ ಒಂದು ಜರ್ಮನ್ನರಿಗೆ ಸೆರೆಸಿಕ್ಕಿತು, ಉಳಿದವರಲ್ಲಿ ಡಂಕರ್ಕ್ ದಂಡೆಯಿಂದ ಪಾರಾದವರಿದ್ದಾರೆ. 1962ರ ಚೀನಾ ಯುದ್ಧದ ಹೊತ್ತಿಗೆ ಈಶಾನ್ಯದ ನಾಮ್ಕಾ ಚೂ ಕಣಿವೆಯಲ್ಲಿ ಹತ್ತಿ ಬಟ್ಟೆಯಲ್ಲಿ ನಡುಗುತ್ತಿದ್ದವರಿಗೆಂದು ವಿಮಾನದಿಂದ ಇಳಿಸಿದ ಸಾಮಾನಿನಲ್ಲಿ ಬಹಳಷ್ಟು ಕೈಗೆಟುಕದ ಕಮರಿಗೆ ಬಿತ್ತು; ಆ ಸೋಲಿನ ಕಾರಣಗಳಲ್ಲಿ ಅದೂ ಒಂದು. 1984ರ ಏಪ್ರಿಲ್‌ನಿಂದ ಸಿಯಾಚಿನ್ನಿನಲ್ಲಿ ಸೇನೆ ನಿಂತಿದೆ. ಅಲ್ಲಿ ಮೊಟ್ಟೆ ಕಲ್ಲಾಗುತ್ತದೆ, ಕುಡಿಯುವ ನೀರನ್ನು ಹಿಮ ಕರಗಿಸಿ ಮಾಡಬೇಕು, ಎತ್ತರಕ್ಕೆ ಹಸಿವೆಯೇ ಸಾಯುತ್ತದೆ. ಉಣ್ಣಲೊಲ್ಲದವನಿಗೆ ಉಣಿಸುವುದೂ ಅಲ್ಲಿ ಡ್ಯೂಟಿ. ಲಡಾಖಿನ ದಾರಿಗಳು ಚಳಿಗಾಲದಲ್ಲಿ ಮುಚ್ಚುವುದರಿಂದ ಬೇಸಿಗೆಯಲ್ಲೇ ಇಡೀ ಚಳಿಗಾಲದ ದಾಸ್ತಾನು ಮೇಲೇರಿಸಬೇಕು. 2020ರ ಜೂನ್‌ನ ಗಾಲ್ವಾನ್ ಘರ್ಷಣೆಯ ನಂತರ ಹೆಚ್ಚುವರಿಯಾಗಿ ಹೋದ ಹತ್ತಾರು ಸಾವಿರ ಮಂದಿ ಆ ಚಳಿಗಾಲವನ್ನು ಅಲ್ಲೇ ಕಳೆಯಲು ಸಾಧ್ಯವಾಯಿತೆಂದರೆ ಅದರ ಹಿಂದೆ ಲಾರಿ ಸಾಲುಗಳ, ಸಾಮಾನು ಎಣಿಸಿ ಇಳಿಸಿಕೊಂಡ ನಾಯಕ್‌ಗಳ ಬೇಸಿಗೆಯಿತ್ತು. ಶತ್ರುವಿಗೂ ಇದು ಗೊತ್ತು. ಆದ್ದರಿಂದಲೇ ಅವನ ಫಿರಂಗಿ ಮೊದಲು ಹುಡುಕುವುದು ರಸ್ತೆಯನ್ನು.

ಯಂತ್ರ ಬಂದ ಮೇಲೆ ಮನುಷ್ಯ ಏಕೆ ಎಂಬುದು ಮೂರನೆಯ ಆಕ್ಷೇಪ. ಇದಕ್ಕೂ ಸಾಕ್ಷಿ ಕರ್ನಾಟಕದಲ್ಲೇ ಇದೆ. ಮೈಸೂರಿನಲ್ಲಿ 1961ರ ಡಿಸೆಂಬರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಕೆಡದ ಚಪಾತಿ, ಪೊಟ್ಟಣದೊಳಗೇ ಬೆಂದ ಪಲಾವ್, ಉಪ್ಪಿಟ್ಟುಗಳನ್ನು ಸೇನೆಗೆ ಕೊಟ್ಟಿದೆ. ಒಲೆ ಹಚ್ಚಲಾಗದ ಕಡೆ ಅವು ಜೀವ ಉಳಿಸುತ್ತವೆ. ಆದರೆ ಪೊಟ್ಟಣವನ್ನು ಮಾಡಿದ್ದೇ ಕೆಲವು ದಿನಗಳ ಮಟ್ಟಿಗೆ. ವಾರಗಟ್ಟಲೆ ಅದನ್ನೇ ಕೊಟ್ಟರೆ ನಾಲಗೆ ಮುಷ್ಕರ ಹೂಡುತ್ತದೆ, ಜವಾನ ಅರ್ಧ ಉಂಡು ಅರ್ಧ ಚೆಲ್ಲುತ್ತಾನೆ, ಅವನಿಗೆ ಬೇಕಾದ ಶಕ್ತಿ ಪೊಟ್ಟಣದಲ್ಲೇ ಉಳಿದುಬಿಡುತ್ತದೆ. ಎಂದು ಪೊಟ್ಟಣ ಒಡೆಯಬೇಕು, ಎಂದು ಒಲೆ ಹಚ್ಚಬೇಕು, ಅವಧಿ ಮುಗಿಯುವ ಪೆಟ್ಟಿಗೆ ಯಾವ ಮೂಲೆಯಲ್ಲಿ ಕೂತಿದೆ ಎಂಬುದನ್ನು ಪೊಟ್ಟಣ ತಾನಾಗಿ ಹೇಳುವುದಿಲ್ಲ. ವಿಜ್ಞಾನ ಹವಾಲ್ದಾರನ ಕೈಗೆ ಇನ್ನೊಂದು ಆಯ್ಕೆ ಕೊಟ್ಟಿದೆ, ಅವನ ಜಾಗವನ್ನು ತೆಗೆದುಕೊಂಡಿಲ್ಲ.

ಕೊನೆಯ ಆಕ್ಷೇಪವನ್ನು ಮರೆಮಾಚಿದರೆ ಈ ಬರಹಕ್ಕೆ ಅರ್ಥವಿಲ್ಲ. ದಾಸ್ತಾನು ಇದ್ದಲ್ಲಿ ಕಳವು ಇದೆ ಎಂದು ಜನ ಹೇಳುತ್ತಾರೆ. ಸೇನೆಯ ಪಡಿ ಸರಬರಾಜಿನ ಬಗ್ಗೆ ಮಹಾಲೇಖಪಾಲರ ವರದಿ 2011ರಲ್ಲಿ ಹೊರಬಂದಾಗ ಖರೀದಿಯಲ್ಲಿ ಪೈಪೋಟಿಯ ಕೊರತೆ, ಅವಧಿ ಮೀರಿದ ಪದಾರ್ಥಗಳ ಅವಧಿಯನ್ನೇ ಮುಂದೂಡಿ ಹಂಚಿದ್ದು ಮುಂತಾದ ಲೋಪಗಳು ಬೆಳಕಿಗೆ ಬಂದವು. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಕಾನ್‌ಸ್ಟೇಬಲ್ ಒಬ್ಬರು ನೀರಿನಂಥ ಬೇಳೆ, ಕರಕಲು ಪರೋಟದ ವಿಡಿಯೊ ಹಾಕಿದಾಗ ದೇಶವೇ ನೋಡಿತು. ಕಬ್ಬಿನ ಕಾಟಾದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ತೂಕದ ಬಗ್ಗೆ ಅನುಮಾನ ಪಡುತ್ತ ಬಂದ ನಮ್ಮ ರೈತರಿಗೆ ಆ ಸಿಟ್ಟು ಬೇಗ ಅರ್ಥವಾಗುತ್ತದೆ: ಮೋಸದ ಗಾತ್ರಕ್ಕಿಂತ ಹೆಚ್ಚು ನೋಯಿಸುವುದು ತೂಗುವವನ ಮುಂದೆ ತಾನು ಅಸಹಾಯಕ ಎಂಬ ಭಾವ. ಆದರೆ ಈ ಸಾಕ್ಷಿಗಳು ನಿಜಕ್ಕೂ ಏನು ಹೇಳುತ್ತವೆ? ಲೇಖಪಾಲರ ಬೊಟ್ಟು ಹೆಚ್ಚಾಗಿ ಹೋದದ್ದು ಖರೀದಿಯ ಕಡೆಗೆ, ಅಂದರೆ ಹವಾಲ್ದಾರನಿಗಿಂತ ಬಹಳ ಮೇಲಿನ ಕುರ್ಚಿಗಳ ಕಡೆಗೆ. ಕೆಳಗೆ ಕಳವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಆದರೆ ಕೆಟ್ಟ ಚೀಲವನ್ನು ವಾಪಸ್ ಕಳಿಸಿದ ನಾಯಕ್‌ಗೆ ಮೇಲಿನವರ ಬೆಂಬಲ ಸಿಗದ ಕಡೆ, ಜವಾನರನ್ನು ಕೂಡಿಸಿಕೊಂಡು ಮೆಸ್ ಕಮಿಟಿ ನಡೆಸದ ಕಡೆ, ತೂಗುವ ಹೊತ್ತಿಗೆ ತಿನ್ನುವವರ ಪ್ರತಿನಿಧಿ ಹಾಜರಿರದ ಕಡೆ ಅದು ಬೆಳೆಯುತ್ತದೆ. ಒಂದು ಹುದ್ದೆಯನ್ನು ಕೀಳೆಂದು ಕಂಡು, ಬಂದೂಕಿಗೆ ಆಗದವರನ್ನು ಅಲ್ಲಿಗೆ ತಳ್ಳಿ, ಆಮೇಲೆ ಅಲ್ಲಿ ಪ್ರಾಮಾಣಿಕತೆ ಹುಡುಕಿದರೆ ಸಿಗುವುದು ಕಷ್ಟ. ಕಳವಿಗೆ ಮದ್ದು ಆ ಹುದ್ದೆಯ ಮಾನ ಹೆಚ್ಚಿಸಿ ಅದನ್ನು ನಾಲ್ಕು ಜನರ ಕಣ್ಣೆದುರು ನಡೆಸುವುದು.

ಇದು ಹಳೆಯ ಮಾತೆಂದು ಬಿಡುವಂತಿಲ್ಲ, ಏಕೆಂದರೆ ವ್ಯವಸ್ಥೆ ಈಗ ಬದಲಾಗುತ್ತಿದೆ. 1889ರಲ್ಲಿ ಅಲಹಾಬಾದಿನಲ್ಲಿ ಮೊದಲಾದ ಮಿಲಿಟರಿ ಫಾರ್ಮ್‌ಗಳು 2021ರ ಮಾರ್ಚ್ 31ಕ್ಕೆ ಮುಚ್ಚಿದವು. ಹೊರಗಿನ ಡೇರಿಯ ಹಾಲು ಅಗ್ಗವಾಗಿ ಸಿಗುವಾಗ ಸೇನೆ ಎಮ್ಮೆ ಕಟ್ಟಬೇಕಿಲ್ಲ ಎಂಬ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ಗುತ್ತಿಗೆ ಹೆಚ್ಚಿದಷ್ಟೂ ಗೇಟಿನಲ್ಲಿ ನಿಂತು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ ನೋಡುವವನ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥದಲ್ಲಿ ನಾಲ್ಕು ವರ್ಷದ ನಂತರ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಯುವ ಅವಕಾಶ. ಬಂದೂಕು ಹಿಡಿಯುವುದನ್ನು ತಿಂಗಳುಗಳಲ್ಲಿ ಕಲಿಸಬಹುದು. ಕಾಳಿನ ವಾಸನೆ, ಮನುಷ್ಯರ ರುಚಿ, ವ್ಯಾಪಾರಿಯ ಚಾಲಾಕಿ ಮೂರನ್ನೂ ಬಲ್ಲ ಹವಾಲ್ದಾರ ತಯಾರಾಗಲು ವರ್ಷಗಳು ಬೇಕು. ಉಳಿಸಿಕೊಳ್ಳುವ ಒಬ್ಬನನ್ನು ಆರಿಸುವಾಗ ಓಟದ ಸಮಯದ ಜೊತೆಗೆ ಈ ಗುಣವೂ ಲೆಕ್ಕಕ್ಕೆ ಬರಬೇಕು.

ಈ ವಿದ್ಯೆ ಸೇನೆಯ ಹೊರಗೂ ಬೇಕಾಗುವಂಥದು ಎಂಬುದಕ್ಕೆ ನಮ್ಮ ಮಳೆಗಾಲವೇ ಸಾಕ್ಷಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಜತ್ರಾಟ–ಭೀವಶಿ, ಕಲ್ಲೋಳ–ಯಡೂರ ಸೇತುವೆಗಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಊರಿಗೆ ಊರೇ ಗಂಜಿಕೇಂದ್ರ ಸೇರಿತು. ಇಂಥ ಹೊತ್ತಿನಲ್ಲಿ ಜನ ಸಾಮಾನು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಕೊರತೆ ಬೀಳುವುದು ಬೇರೆಯದಕ್ಕೆ: ಒಂದೆಡೆ ಬ್ರೆಡ್, ಬಿಸ್ಕೀಟು ರಾಶಿ ಬಿದ್ದು ಇನ್ನೊಂದೆಡೆ ಮಕ್ಕಳಿಗೆ ಹಾಲಿಲ್ಲದ ಸ್ಥಿತಿಯನ್ನು ಸರಿದೂಗಿಸುವ ಲೆಕ್ಕಕ್ಕೆ, ತಲೆ ಎಣಿಸಿ ಒಲೆ ಹಚ್ಚುವ ಕ್ರಮಕ್ಕೆ, ಯಾರು ಏನು ಉಣ್ಣುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳುವ ಸೂಕ್ಷ್ಮಕ್ಕೆ. ಈ ಸೀಮೆಯ ಊರುಗಳಲ್ಲಿ ಆ ಕೆಲಸ ಬಲ್ಲ ಮಾಜಿ ಹವಾಲ್ದಾರರು ಪಿಂಚಣಿ ಎಣಿಸಿಕೊಂಡು ಕೂತಿದ್ದಾರೆ. ತಾಲೂಕು ಆಡಳಿತಗಳು ಮಳೆಗಾಲಕ್ಕೆ ಮುಂಚೆ ದೋಣಿ, ಹಗ್ಗಗಳ ಪಟ್ಟಿ ಮಾಡುವಂತೆ ಇವರ ಪಟ್ಟಿಯನ್ನೂ ಮಾಡಿ, ಒಂದೊಂದು ಕೇಂದ್ರದ ದಾಸ್ತಾನನ್ನು ಅವರಿಗೆ ಒಪ್ಪಿಸಬೇಕು. ಹಾಗೆ ಮಾಡಿದರೆ ನಿರಾಶ್ರಿತರ ಊಟ ಸುಧಾರಿಸುತ್ತದೆ. “ಅಡಿಗಿ ಮಾಡಾಕ ಹೋಗಿದ್ದೇನು” ಎಂದು ಕೇಳುವವರಿಗೂ, ಹೌದು, ಅದಕ್ಕೇ ಹೋಗಿದ್ದೆ, ಮತ್ತು ಅದು ಸಿಪಾಯಿಯ ಕೆಲಸವೇ ಎಂಬ ಉತ್ತರ ಭಾಷಣವಿಲ್ಲದೆ ಸಿಗುತ್ತದೆ.